ಡಾಂಬರು ಬಿಡದ ಫಕ್ಕೀರಪ್ಪ ಕಾಕಾ

ಮೂವತ್ತು ವರ್ಷ ಬಸ್ಸು ಓಡಿಸಿದ ಫಕ್ಕೀರಪ್ಪ ಕಾಕಾ ಒಂದು ದಿನವೂ ಅದರ ಚಕ್ರವನ್ನು ಡಾಂಬರಿನಿಂದ ಕೆಳಗೆ ಇಳಿಸಿದವರಲ್ಲ. ಮಿಶ್ರಿಕೋಟಿಯಿಂದ ಹೊರಡುವ ನಮ್ಮ ಒಳರಸ್ತೆ ಎಷ್ಟು ಕಿರಿದೆಂದರೆ, ಎದುರುಬದುರು ಎರಡು ಗಾಡಿ ಬಂದರೆ ಒಂದು ಬಾಜುವಿನ ಮಣ್ಣಿಗೆ ಇಳಿಯಲೇಬೇಕು. ಯಾವುದು ಎಂದು ತಿಳಿಯಲು ಕಾಕಾ ಕಾಯ್ದೆ ಪುಸ್ತಕ ತೆರೆದವರಲ್ಲ. "ಸಣ್ಣಾಂವ ಇಳೀಬೇಕು," ಅಷ್ಟೇ.

ಶಾಲೆಗೆ ಹೋಗುವಾಗ ನಾನು ಅವರ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಸೈಕಲ್ಲು, ಮೋಟರ್‌ಸೈಕಲ್ಲು, ಎತ್ತಿನ ಚಕ್ಕಡಿ ಎಲ್ಲ ಗಡಬಡಿಸಿ ಕೆಳಗಿಳಿಯುವುದನ್ನು ನೋಡಿ, ಬರೀ ಪಾಸಿನ ಮೇಲೆ ಹೋಗುತ್ತಿದ್ದ ನನಗೂ ದೊಡ್ಡಸ್ತಿಕೆ ಬರುತ್ತಿತ್ತು. ಹೊಸ ಡ್ರೈವರುಗಳಿಗೂ ಕಾಕಾ ಅದೇ ಪಾಠ ಹೇಳುತ್ತಿದ್ದರು: "ಹಾರ್ನ್ ಒತ್ತು, ಡಾಂಬರ ಬಿಡಬ್ಯಾಡ." ಅವರಲ್ಲಿ ಮಾರುತಿ ಎಂಬವನು ಪಾಠವನ್ನು ಚೆನ್ನಾಗಿಯೇ ಕಲಿತ.

ನಿವೃತ್ತಿಯಾದ ಮೇಲೆ ಕಾಕಾ ಒಂದು ಮೊಪೆಡ್ ಕೊಂಡರು. ಮೊದಲ ವಾರದಲ್ಲೇ ಎದುರಿಗೆ ಮಾರುತಿಯ ಬಸ್ಸು ಬಂತು. ಅವನು ಗುರುವಿಗೆ ಕೈಯೆತ್ತಿ ನಮಸ್ಕಾರ ಮಾಡಿ, ಹಾರ್ನ್ ಒತ್ತಿ, ನಡುರಸ್ತೆಯಲ್ಲೇ ಬಂದ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಯ ಅಂಚು ಗೇಣೆತ್ತರವಾಗಿತ್ತು. ಬಾಜುವಿಗೆ ಹಾಕಿದ ಮಣ್ಣು ಮೊದಲ ಮಳೆಗೇ ಹೋಗಿತ್ತು. ಕೆಳಗಿಳಿಯಲು ಹೋದ ಮೊಪೆಡ್ಡಿನ ಮುಂದಿನ ಚಕ್ರ ಜಾರಿತು. ಹಿಂದೆ ಕೂತಿದ್ದ ಅವರ ಹೆಂಡತಿ ನೀಲವ್ವ ಕಾಕು ಬಿದ್ದು ಕೈ ಮುರಿದುಕೊಂಡರು.

ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಕಾಕು ಸಿಟ್ಟಿಲ್ಲದೆ ಕೇಳಿದರು: "ಮೂವತ್ತ ವರ್ಷದಾಗ ನೀವು ಎಷ್ಟ ಮಂದಿನ ಹಿಂಗ ಕೆಡವೀರಿ?"

ಆಮೇಲೆ ಕಾಕಾ ಮೊಪೆಡ್ಡಿಗೆ ಸಲಿಕೆ, ಬುಟ್ಟಿ ಕಟ್ಟಿಕೊಂಡು ರಸ್ತೆಯ ಅಂಚಿಗೆ ಗರಸು ಮಣ್ಣು ತುಂಬುತ್ತ ಹೊರಟರು. ಈ ವಯಸ್ಸಿನಲ್ಲಿ ರಸ್ತೆ ಇಲಾಖೆಯ ನೌಕರಿ ಸಿಕ್ಕಿತೇ ಎಂದು ಊರವರು ಕಾಡಿಸಿದರು. ಕಾಕು ಮಾತ್ರ ಮತ್ತೆ ಮೊಪೆಡ್ ಹತ್ತಲಿಲ್ಲ. ಕಲಘಟಗಿ ಸಂತೆಗೆ ಮಾರುತಿಯ ಬಸ್ಸಿನಲ್ಲೇ ಹೋಗುತ್ತಿದ್ದರು, ಅದು ಭದ್ರ ಎಂದು.

ರಸ್ತೆ ಸುರಕ್ಷತಾ ಸಪ್ತಾಹ ಬಂದಾಗ ಬಸ್ ಡಿಪೋದಲ್ಲಿ ಅಪಘಾತವಿಲ್ಲದ ಚಾಲಕರೆಂದು ಕಾಕಾನಿಗೆ ಶಾಲು ಹೊದಿಸಿದರು. ನಾಲ್ಕು ಮಾತಾಡಿ ಎಂದರೆ, ಶಾಲು ಮಡಚುತ್ತ ಹೇಳಿದರು: "ನನ್ನ ಗಾಡಿಗಿ ಅಪಘಾತ ಆಗಿಲ್ಲ, ಖರೇ ಐತ್ರಿ. ಆದ್ರ ನಾ ಕೆಳಗ ಇಳಿಸಿದವ್ರು ಎದ್ರೋ ಬಿದ್ರೋ, ಕನ್ನಡಿಯೊಳಗ ಒಮ್ಮೆನೂ ನೋಡಿಲ್ರಿ." ಜೋರಾಗಿ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರು ಮಾರುತಿಯದು. ನನಗೆ ನಗುವೂ ಬಂತು, ಸಂಕಟವೂ ಆಯಿತು.

ಕಾಕಾ ಶ್ರಾವಣದಲ್ಲಿ ಸಾದಾ ಜ್ವರಕ್ಕೆ ತೀರಿಕೊಂಡರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಮಾರುತಿಯ ಬಸ್ಸಿನ ಕಿಟಕಿಯಿಂದ. ಎದುರಿಗೆ ಮೊಪೆಡ್ ಕಂಡಿತು. ಮಾರುತಿ ಹಾರ್ನ್ ಒತ್ತಲಿಲ್ಲ. ಏನೋ ಗೊಣಗಿ, ಬ್ರೇಕ್ ಹಾಕಿ, ಎಡಗಡೆಯ ಗಾಲಿಗಳನ್ನು ಮಣ್ಣಿಗೆ ಇಳಿಸಿದ. ಬಸ್ಸು ವಾಲಿತು, ಜನ ಬೈದರು. ಅಷ್ಟರಲ್ಲಿ ಆ ಕಡೆ ಕಾಕಾ ಮೊಪೆಡ್ ಕೊಂಡಾಗಿನ ರೂಢಿಯಂತೆ ತಾವೂ ಕೆಳಗಿಳಿದಿದ್ದರು. ನಡುವೆ ಡಾಂಬರು ಖಾಲಿ ಬಿದ್ದಿತ್ತು.

"ಮ್ಯಾಲ ಬರ್ರಿ ಗುರುಗಳ," ಎಂದ ಮಾರುತಿ.

"ಮೊದಲ ನೀ ಹೋಗಲೇ. ಬಸ್ಸಿನ್ಯಾಗ ಮಂದಿ ಅದಾರ."

ಬಸ್ಸು ಮತ್ತೆ ಡಾಂಬರಿಗೆ ಏರಿತು. ನಾನು ಹಿಂತಿರುಗಿ ನೋಡಿದೆ. ಕಾಕಾ ರಸ್ತೆ ದಾಟಿ ಬಂದು, ಮಣ್ಣಿನಲ್ಲಿ ಮೂಡಿದ್ದ ಬಸ್ಸಿನ ಗಾಲಿಯ ಗುರುತನ್ನು ಬಗ್ಗಿ ನೋಡುತ್ತಿದ್ದರು.