ಶಂಶಾದ್‌ಳ ಸಾಧನೆಯ ಮೇಲೆ ನನ್ನ ಸಂಶಯ

ಶಂಶಾದ್, ನೀನು ಆ ಲೆಕ್ಕದ ಸಾಧನೆಯನ್ನು ಎಲ್ಲಿಂದಲೂ ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಗಣಿತದ ಸರ್ ತಲೆಯಲ್ಲಿ ಸಂಶಯ ತುಂಬಿದವಳು ನಾನೇ.

ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆ. ಮುಂದೆ ಹೈಸ್ಕೂಲಿನಲ್ಲಿ ಗಣಿತ ಕಲಿಸಬೇಕೆನ್ನುವವರಿಗಾಗಿ ಗದಗಿನ ನಮ್ಮ ಕಾಲೇಜಿನಲ್ಲಿ ಸಂಶೋಧನಾ ಶಿಬಿರ ಇಟ್ಟಿದ್ದರು. “ಗೈಡ್ ನೋಡಬ್ಯಾಡ್ರಿ, ನೆಟ್ ನೋಡಬ್ಯಾಡ್ರಿ, ನೀವ ಹುಡುಕ್ರಿ” ಎಂದಿದ್ದರು ಸರ್. ನಾನು, ನೀನು, ಸವಿತಾ ಒಂದು ಗುಂಪು. ನಮಗೆ ಬಂದ ಪ್ರಶ್ನೆ ಇದು: ಒಂಬತ್ತೆಂದರೆ ನಾಲ್ಕಕ್ಕೆ ಐದು ಕೂಡಿಸಿದ್ದು. ಹೀಗೆ ಬೆನ್ನುಬೆನ್ನಿಗೆ ಬರುವ ಸಂಖ್ಯೆಗಳನ್ನು ಕೂಡಿಸಿ ಎಂಟನ್ನು, ಹದಿನಾರನ್ನು ಯಾಕೆ ಪಡೆಯಲಾಗದು? ನಾನೂ ಸವಿತಾಳೂ ಹಾಳೆ ತುಂಬ ಕೂಡಿಸುತ್ತಲೇ ಕೂತೆವು. ನೀನು ಸೋಮವಾರ ಲಕ್ಷ್ಮೇಶ್ವರದ ಬಸ್ಸಿಳಿದು ಬಂದವಳೇ ಬೋರ್ಡಿನ ಮುಂದೆ ನಿಂತೆ.

“ಮೊದಲನೇದು, ಕಡೀದು ಕೂಡಸ್ರಿ. ಒಂದೋ ಆ ಮೊತ್ತ ಬೆಸ, ಇಲ್ಲಾ ಎಷ್ಟು ಸಂಖ್ಯೆ ಅದಾವಲ್ಲ, ಆ ಎಣಿಕಿ ಬೆಸ. ಅವೆರಡನ್ನ ಗುಣಿಸಿದ್ರ ಒಟ್ಟು ಉತ್ತರದ ಎರಡು ಪಟ್ಟು. ಎಂಟನ್ನ ಎರಡರಿಂದ ಒಡಕೋತ ಹೋಗ್ರಿ, ಒಂದು ಬಿಟ್ರ ಬೆಸ ಎಲ್ಲಿ ಸಿಗತೈತಿ?”

ಸರ್ ಕುರ್ಚಿಯಿಂದ ಎದ್ದೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಪ್ರತಿ ಪರೀಕ್ಷೆಯಲ್ಲೂ ನನಗಿಂತ ಹಿಂದಿದ್ದವಳು, ಏಳನೆಯವರೆಗೆ ಉರ್ದು ಶಾಲೆ ಕಲಿತವಳು—ಇವಳಿಗೆ ಹೇಗೆ ಹೊಳೆಯಿತು? ನಾವೆಲ್ಲ ಗೈಡ್ ಉರು ಹೊಡೆದು ಪಾಸಾದವರು. ನಮ್ಮಂಥವರ ತಲೆಯಲ್ಲಿ ಪುಸ್ತಕದಲ್ಲಿಲ್ಲದ್ದು ಹುಟ್ಟುತ್ತದೆಂದು ನಂಬಲಾಗಲಿಲ್ಲ. ಸವಿತಾ ಬಿಡಿಸಿದ್ದರೆ ಇಷ್ಟು ಸಂಶಯ ಪಡುತ್ತಿದ್ದೆನೇ... ಬೇಡ, ಉತ್ತರ ನನಗೆ ಗೊತ್ತು.

ನೀನು ಊಟದ ಡಬ್ಬಿ ತೊಳೆಯಲು ಹೋದಾಗ ನಿನ್ನ ಫೋನ್ ತೆಗೆದೆ. ಲಾಕ್ ನೀನೇ ಹೇಳಿಕೊಟ್ಟದ್ದು—ಅಷ್ಟು ನಂಬಿಕೆ ನಿನಗೆ! ನೆಟ್‌ನಲ್ಲಿ ನೀನು ಹುಡುಕಿದ್ದನ್ನೆಲ್ಲ ಕೆದಕಿದೆ. ಬಸ್ಸಿನ ವೇಳೆ, ಮೆಹಂದಿಯ ಚಿತ್ರಗಳು. ಗಣಿತದ ಸುಳಿವೇ ಇಲ್ಲ. ಅಳಿಸಿರಬೇಕು ಎಂದುಕೊಂಡೆ—ಅಲ್ಲ, ಹಾಗೆಂದುಕೊಳ್ಳಲು ಒದ್ದಾಡಿದೆ. ನೆಟ್ಟಗೆ ಸರ್ ಹತ್ತಿರ ಹೋದೆ.

“ನೆಟ್‌ನಿಂದ ತಂದಾಳ ಅನಸ್ತೈತ್ರಿ, ಸರ್.”

“ನೀ ಏನರ ನೋಡೀಯೇನು?”

ನೋಡಿದ್ದೆ, ಏನೂ ಇರಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿ ನಿಂತೆ, ಸರ್ ಅದನ್ನು ಹೌದೆಂದು ತಿಳಿದರು.

ಶಿಬಿರದ ವರದಿಯಿಂದ ಆ ಸಾಧನೆಯನ್ನು ತೆಗೆದರು, ನಿನ್ನ ಹೆಸರನ್ನೂ. “ನಾನ ಮಾಡೇನ್ರಿ, ಸರ್” ಎಂದು ಒಮ್ಮೆ ಹೇಳಿ ನೀನು ಚೀಲ ಹೆಗಲಿಗೇರಿಸಿದೆ. ಟೀಚರ್ ಆಗಬೇಕೆಂದು ನಮ್ಮೆಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ನೀನು, ಬಿ.ಎಡ್.ಗೆ ಅರ್ಜಿಯನ್ನೇ ಹಾಕಲಿಲ್ಲ.

ನಾನೀಗ ಮುಂಡರಗಿ ಕಡೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಯಾರಾದರೂ ಹುಡುಗಿ ತನ್ನದೇ ದಾರಿಯಲ್ಲಿ ಲೆಕ್ಕ ಬಿಡಿಸಿದರೆ ಬಾಯಿಗೆ ಮೊದಲು ಬರುವುದು, “ಯಾರದು ನೋಡಿ ಬರದಿ?” ಥೂ, ಎಂಥ ನಾಲಿಗೆ ಇದು!

ಹೋದ ವಾರ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ನೀನೇ ಗುರುತು ಹಿಡಿದು ಚಹಾ ಕುಡಿಸಿದೆ. “ಸರ್ ಮುಂದ ಚಾಡಿ ಹೇಳಿದಾಕಿ ಸವಿತಾನ. ಅವತ್ತಿಂದ ಆಕಿ ಕೂಡ ಮಾತ ಬಿಟ್ಟೇನಿ. ನೀ ಒಬ್ಬಾಕಿ ಖರೇ ಗೆಳತಿ ನೋಡ” ಎಂದೆ. ಬಸ್ ಬಂತೆಂದು ಹೇಳಿ ನಾನು ಎದ್ದು ಓಡಿದೆ. ಬಸ್ ಬಂದಿರಲಿಲ್ಲ.

ನಿನ್ನೆ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಿನ್ನಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಸವಿತಾಳಿಗೆ ಮಾತ್ರ ಒಮ್ಮೆ ಫೋನ್ ಮಾಡು. ಇಷ್ಟು ವರ್ಷ ನೀನು ಮಾತು ಬಿಡಬೇಕಾಗಿದ್ದದ್ದು ನನ್ನೊಡನೆ.