ಪೊರೆಗಣ್ಣು ಆರಿಸಿದ ಬಣ್ಣಗಳು

ಕಂಪ್ಯೂಟರಿನ ಗಾಜು ಒರೆಸು ಅಂತ ಸೊಸೆಯನ್ನು ಬೈದೆ. ಅವಳು ಸೆರಗಿನಿಂದ ಒರೆಸಿದಳು. ಮಂಜು ಹೋಗಲಿಲ್ಲ. ಮತ್ತೆ ಬೈದೆ. ಮತ್ತೆ ಒರೆಸಿದಳು.

ಮಂಜು ಇದ್ದದ್ದು ನನ್ನ ಕಣ್ಣಿನಲ್ಲಿ.

ನಮ್ಮದು ಬನಹಟ್ಟಿಯಲ್ಲಿ ಸೀರೆ ನೇಯುವ ಮನೆ. ನಾನು ಸಾಲಿ ಕಲಿತದ್ದು ನಾಲ್ಕನೆಯ ತರಗತಿ. ಆದರೆ ಸೀರೆಯ ಒಡಲಿಗೆ ಯಾವ ಬಣ್ಣ, ಅಂಚಿನ ದಡಿಗೆ ಯಾವ ಬಣ್ಣ ಅಂತ ಹೇಳುವವಳು ಮದುವೆಯಾಗಿ ಬಂದಾಗಿನಿಂದ ನಾನೇ. ಮೊದಲು ನೂಲಿನ ಲಡಿಗಳನ್ನು ಹರವಿಕೊಂಡು ಹೇಳುತ್ತಿದ್ದೆ. ಈಗ ಸೊಸೆ ಶೋಭಾ ಕಂಪ್ಯೂಟರಿನಲ್ಲಿ ಡಿಸೈನ್ ಮಾಡುತ್ತಾಳೆ. ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದಕ್ಕೆ ಬಣ್ಣ ತುಂಬುತ್ತಾಳೆ. ನಾನು ಹೇಳಬೇಕು, ಅವಳು ಹೂಂ ಅನ್ನಬೇಕು. ಹಾಗೇ ನಡೆದಿತ್ತು.

ಎದುರಿಗೆ ಬರುವ ಬೈಕಿನ ಒಂದು ದೀಪ ಹತ್ತಾಗಿ ಒಡೆದು ಕಾಣತೊಡಗಿತು. ಒಂದು ದಿನ ನಮ್ಮದೇ ಹೊಸ್ತಿಲು ಎಡವಿ ಬಿದ್ದೆ. ಆಗ ಮಗ ಬಸವರಾಜ ಜಮಖಂಡಿಗೆ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ನೋಡಿದರು. ಎರಡೂ ಕಣ್ಣಿಗೆ ಕ್ಯಾಟರಾಕ್ಟ್. ಮಗನ ಕಡೆ ತಿರುಗಿದರು.

"ಪೊರಿ ಕಲ್ಲಿನಂಗ ಗಟ್ಟಿ ಆಗೈತಿ. ಇಷ್ಟ ದಿನ ಯಾಕ ಬಿಟ್ರಿ?"

ಅವನು ತನ್ನ ಚಪ್ಪಲಿ ನೋಡುತ್ತ ನಿಂತ. ಪಾಪ, ಅವನಿಗೇನು ಗೊತ್ತು ಅಂದುಕೊಂಡೆ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದರು.

"ಹೆಂಗ ಕಾಣತೈತ್ರಿ, ಅಜ್ಜಿ?"

"ನಿಮ್ಮ ಕೋಟು ನೀಲಿ ಐತಿ."

ಡಾಕ್ಟರು ನಕ್ಕರು. "ಬಿಳೇದ ಐತ್ರಿ. ನಿಮ್ಮ ಹಳೇ ಲೆನ್ಸ್ ಹಳದಿ ಆಗಿತ್ತು. ಈಗ ಹೊಸಾದು ಹಾಕೇವಿ. ಸ್ವಲ್ಪ ದಿನ ಹಂಗ ಕಾಣತೈತಿ, ಆಮ್ಯಾಲ ರೂಢಿ ಆಗತೈತಿ."

ಬಲಗಣ್ಣು ಮುಚ್ಚಿದರೆ ಲೋಕವೆಲ್ಲ ಬೆಲ್ಲದ ನೀರು. ಎಡಗಣ್ಣು ಮುಚ್ಚಿದರೆ ಎಲ್ಲ ನೀಲಿ ಹಾಕಿ ಒಗೆದ ಧೋತರ. ಎರಡೂ ತೆರೆದರೆ ತಲೆನೋವು.

ಬಗ್ಗಬಾರದು, ಒಲೆಯ ಮುಂದೆ ಹೋಗಬಾರದು, ತಲೆಗೆ ನೀರು ಹಾಕಬಾರದು. ಕಣ್ಣಿಗೆ ಕರಿ ಚಾಳೀಸು ಹಾಕಿಕೊಂಡು ಗೋಡೆಗೆ ಒರಗಿ ಕೂರುವುದೊಂದೇ ಕೆಲಸ. ಶೋಭಾ ಡ್ರಾಪ್ಸ್ ಹಾಕುವುದನ್ನು ಒಂದು ಸಲವೂ ತಪ್ಪಿಸಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ಹೇಳುವುದು ಬೇರೆ.

ಡಾಕ್ಟರು ಚಾಳೀಸು ತೆಗೆಯಬಹುದು ಅಂದ ಮೇಲೆ ಸಂಜೆ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತೆ. ಕಣ್ಣಿಗೆ ಖಾರ ಎರಚಿದ ಹಾಗೆ ಆಯಿತು. ನೀರು ಸುರಿಯಿತು.

"ತಡೀರಿ ಅತ್ತಿ," ಅಂದಳು ಶೋಭಾ. ಮೊದಲು ಟ್ಯೂಬ್‌ಲೈಟ್ ಹಾಕಿದಳು. ಕತ್ತಲೆಯ ಕೋಣೆಯಲ್ಲಿ ಸ್ಕ್ರೀನೊಂದೇ ಉರಿದರೆ ಕಣ್ಣಿಗೆ ಹೆಚ್ಚು ತ್ರಾಸಂತೆ. ಬೆಳಕು ಇಳಿಸಿದಳು. ಆಮೇಲೆ ನೈಟ್ ಲೈಟ್ ಅಂತ ಏನನ್ನೋ ಒತ್ತಿ, ಒಂದು ಗೀಟನ್ನು ಆ ಕಡೆ ಸರಿಸಿದಳು. ಸ್ಕ್ರೀನು ನಿಧಾನಕ್ಕೆ ಹಳದಿಗೆ ತಿರುಗಿತು. ಕಣ್ಣು ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಹಿತವಾಯಿತು.

ಬದನೆಕಾಯಿ ಬಣ್ಣದ ಸೀರೆಯ ಡಿಸೈನ್ ತೆರೆದಳು.

"ಕರ್ರಗ ಕಾಣತೈತಿ. ನೀಲಿ ಇನ್ನಷ್ಟ ಎತ್ತು," ಅಂದೆ.

ಎತ್ತಿದಳು.

"ಇನ್ನಷ್ಟ."

ಎತ್ತಿದಳು. ಬದನೆಕಾಯಿ ಬಂತು. ಸಾಕು ಅಂದೆ. ಆಪರೇಷನ್‌ಗೆ ಮುಂಚೆಯೂ ಹೀಗೇ ಕರ್ರಗೆ ಕಾಣುತ್ತಿತ್ತು, ಹೀಗೇ ಎತ್ತಿಸುತ್ತಿದ್ದೆ. ಹೊಸ ಕಣ್ಣಿನಲ್ಲೂ ಹೀಗೆ ಯಾಕೆ? ಮನಸ್ಸಿಗೆ ಏನೋ ಚುಚ್ಚಿತು.

"ಆ ಹಳದಿ ತೆಗಿ."

"ಕಣ್ಣ ನೋಯತಾವ್ರಿ, ಅತ್ತಿ."

"ನೋಯಲಿ. ತೆಗಿ."

ತೆಗೆದಳು. ಸ್ಕ್ರೀನಿನಿಂದ ಬಣ್ಣ ಹೊರಗೆ ಹಾರಿ ಬಂತು. ಅದು ಬದನೆಕಾಯಿಯಲ್ಲ. ಮದುವೆ ಮಂಟಪದ ಮುಂದೆ ಮಿಣಮಿಣ ಅನ್ನುವ ಲೈಟಿನ ನೀಲಿ. ಅದನ್ನು ಉಟ್ಟವಳ ಮುಖ ಯಾರೂ ನೋಡುವುದಿಲ್ಲ.

ಪೊರೆ ಇದ್ದಾಗ ನನಗೆ ದಿನವೂ ಎಲ್ಲ ಆ ಹಳದಿ ಸ್ಕ್ರೀನಿನ ಹಾಗೇ ಕಾಣುತ್ತಿತ್ತು. ಹಾಗಾದರೆ ನಾನು ಆರಿಸಿದ ಸೀರೆಗಳೆಲ್ಲ ಇಂಥ ಬಣ್ಣದಲ್ಲೇ ಬಂದಿರಬೇಕು. ಆದರೆ ನಮ್ಮ ಸೀರೆ ಕೊಳ್ಳುವ ಮಹಾಲಿಂಗಪುರದ ಅಂಗಡಿಯವರು ಒಂದು ಸೀರೆಯನ್ನೂ ತಿರುಗಿ ಕಳಿಸಿರಲಿಲ್ಲ.

"ಶೋಭಾ, ನಾ ಹೇಳಿದ ಬಣ್ಣ ನೇಯತಿದ್ದಿರೋ ಇಲ್ಲೋ?"

ಅವಳು ಮೌಸನ್ನು ಸುಮ್ಮನೆ ಆ ಕಡೆ ಈ ಕಡೆ ಸರಿಸಿದಳು.

"ಬಾಯಿಗೂ ಪೊರಿ ಬಂತೇನು ನಿನಗ?"

"ನೀವು ಎದ್ದು ಹೋದ ಮ್ಯಾಲ ಬದಲಾಯಿಸತಿದ್ದೆ ರೀ."

"ಎಷ್ಟ ದಿನದಿಂದ?"

"ಎರಡ ವರ್ಷ ಆತ್ರಿ."

ಎರಡು ವರ್ಷ ನಾನು ಗೋಡೆಗೆ ಹೇಳಿದ್ದೆ.

ಮಗ ಒಳಗೆ ಬಂದ. ಶೋಭಾಳ ಮುಖ ನೋಡಿಯೇ ತಿಳಿದುಕೊಂಡ.

"ನಿನಗ ಬ್ಯಾಸರ ಆಗಬಾರದಂತ, ಯವ್ವಾ. ಬಣ್ಣ ಅಂದ್ರ ನಿನಗ ಜೀವ. ನೀ ಹೇಳಿದ್ದು ತಪ್ಪು ಅಂತ ಹೆಂಗ ಅನ್ನೂದು ಬೇ?"

"ಬಣ್ಣದ ಮಾತು ಬಿಡಲೇ. ನನಗ ಕಾಣೂದಿಲ್ಲ ಅಂತ ನಿನಗ ಗೊತ್ತಿತ್ತು. ಸೀರಿ ಸುಧಾರಿಸಿಕೊಂಡಿ. ಕಣ್ಣ ತೋರಸಲಿಲ್ಲ."

ಉತ್ತರ ಇದ್ದಿದ್ದರೆ ಅವನು ಅವತ್ತು ಡಾಕ್ಟರ ಮುಂದೆಯೇ ಹೇಳುತ್ತಿದ್ದ.

ಅವರು ಕೆಟ್ಟವರಲ್ಲ. ಮುದುಕಿಗೆ ಮರ್ಯಾದೆ ಕೊಟ್ಟೆವು ಅಂದುಕೊಂಡಿದ್ದರು. ಆ ಮರ್ಯಾದೆಯಲ್ಲಿ ನನ್ನ ಪೊರೆ ಕಲ್ಲಾಯಿತು. ಸುಮ್ಮನೆ ಹೂಂ ಅನ್ನುವವರ ನಡುವೆ ಮನುಷ್ಯ ಕುರುಡಾದರೂ ಅವನಿಗೆ ತಿಳಿಯುವುದಿಲ್ಲ. "ಅತ್ತಿ, ನಿಮ್ಮ ಕಣ್ಣ ಕೆಟ್ಟಾವು" ಅಂತ ಒಂದು ಮಾತು ಅಂದಿದ್ದರೆ ನಾನು ಸಿಟ್ಟಾಗುತ್ತಿದ್ದೆ, ಎರಡು ದಿನ ಉಣ್ಣುತ್ತಿರಲಿಲ್ಲ, ಮೂರನೆಯ ದಿನ ಆಸ್ಪತ್ರೆಗೆ ಹೋಗುತ್ತಿದ್ದೆ.

ಒಂದು ವಾರ ಆ ಕೋಣೆಗೆ ಕಾಲಿಡಲಿಲ್ಲ. ಆಮೇಲೆ ನಾನೇ ಹೋದೆ. ಸಂಜೆ ಸ್ಕ್ರೀನು ಹಳದಿ ಇರಲಿ, ಬೆಳಕು ಇಳಿದಿರಲಿ, ಸುಮ್ಮನೆ ನೋಡುತ್ತ ಕೂರುತ್ತೇನೆ, ಆದರೆ ಆ ಹೊತ್ತಿನಲ್ಲಿ ಬಣ್ಣ ಆರಿಸುವುದು ಬೇಡ ಅಂದೆ. ಬಣ್ಣ ಬೆಳಿಗ್ಗೆ. ಹಳದಿ ತೆಗೆದು, ಕಿಟಕಿ ತೆರೆದು. ನೀವೂ ಸಂಜೆ ಬದಲಾಯಿಸಬಾರದು ಅಂದೆ.

ಕಣ್ಣು ಈಗ ಮೊದಲಿಗಿಂತ ಎಷ್ಟೋ ಛಲೋ. ಕ್ಯಾಲೆಂಡರಿನ ಸಣ್ಣ ಅಕ್ಷರ ಕಾಣುತ್ತದೆ. ಡಾಕ್ಟರ ಕೈಗೆ ಪುಣ್ಯ ಬರಲಿ. ಎಡಗಣ್ಣು ಬಾಕಿ ಇದೆ. ಶೋಭಾ ಹಾಕಿದ ಡ್ರಾಪ್ಸ್ ಮರೆಯುವುದಿಲ್ಲ. ಆ ಎರಡು ವರ್ಷವನ್ನೂ ಮರೆಯುವುದಿಲ್ಲ.

ಮೊನ್ನೆ ಬೆಳಿಗ್ಗೆ ಗಿಳಿಹಸಿರು ಒಡಲಿಗೆ ಕುಂಕುಮದ ದಡಿ ಹಾಕು ಅಂದೆ. ಶೋಭಾ ಮೌಸ್ ಮೇಲಿನ ಕೈ ತೆಗೆದಳು.

"ಬ್ಯಾಡ್ರಿ ಅತ್ತಿ. ಛಲೋ ಕಾಣೂದಿಲ್ಲ."

ಮೈ ಉರಿಯಿತು. ಚಹಾ ಆರುವ ತನಕ ಜಗಳವಾಡಿದೆವು. ಕೊನೆಗೆ ಅವಳು ಹೇಳಿದ ಬಣ್ಣವೇ ನೂಲು ಅದ್ದುವ ಬಣ್ಣಗಾರನಿಗೆ ಹೋಯಿತು.

ನನಗೆ ಇನ್ನೂ ಒಪ್ಪಿಗೆ ಇಲ್ಲ. ಎಡಗಣ್ಣಿನ ಆಪರೇಷನ್ ಮುಗಿಯಲಿ, ಆ ಸೀರೆಯನ್ನು ಇನ್ನೊಮ್ಮೆ ನೋಡುತ್ತೇನೆ.