ಜಂಗಮಕೋಟೆಯ ಬ್ಯಾಕಪ್ ದಾರಿ

2007ರಲ್ಲಿ ನಾನು ಚಿಕ್ಕಬಳ್ಳಾಪುರದಲ್ಲಿ ಒಂದು ದೂರಸಂಪರ್ಕ ಸಂಸ್ಥೆಯ ನೆಟ್‌ವರ್ಕ್ ಎಂಜಿನಿಯರ್. ಗೌರಿಬಿದನೂರಿನಿಂದ ಚಿಂತಾಮಣಿಯವರೆಗಿನ ರೂಟರ್‌ಗಳೆಲ್ಲ ನನ್ನ ತಲೆಗೇ ಕಟ್ಟಿದ್ದವು. ಸಿಟ್ಟು ಆಗ ಮೂಗಿನ ತುದಿಯಲ್ಲಿತ್ತು; ನಿವೃತ್ತನಾದ ಮೇಲೂ ಕೆಳಗಿಳಿದಿಲ್ಲ.

ಶಿಡ್ಲಘಟ್ಟದ ಒಂದು ಆಸ್ಪತ್ರೆಯಿಂದ ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಇಸಿಜಿ ಕಳುಹಿಸಲು ನಾವೊಂದು ಟನಲ್ ಮಾಡಿಕೊಟ್ಟಿದ್ದೆವು. ಟನಲ್ ಎಂದರೆ ಅಗೆದ ಸುರಂಗವೇನಲ್ಲ. ಇಂಥ ಮಾಹಿತಿ ಇಂಥ ದಾರಿಯಲ್ಲೇ ಹೋಗಬೇಕೆಂದು ರೂಟರ್‌ಗಳಿಗೆ ಕೊಡುವ ಕಟ್ಟಪ್ಪಣೆ. ಮುಖ್ಯ ದಾರಿ ಚಿಕ್ಕಬಳ್ಳಾಪುರದ ಮೇಲೆ. ಆ ಫೈಬರ್ ತುಂಡಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಜಂಗಮಕೋಟೆಯ ಕಡೆ ಹೊರಳುವಂತೆ ಬ್ಯಾಕಪ್ ಟನಲ್ ಕಾನ್ಫಿಗರ್ ಮಾಡಿದ್ದೆ. ಒಂದು ರಜಾದಿನ, ಟ್ರಾಫಿಕ್, ಅಂದರೆ ಮಾಹಿತಿಯ ಓಡಾಟ, ಕಡಿಮೆಯಿದ್ದಾಗ, ಫೈಬರ್ ಕಿತ್ತು ಪರೀಕ್ಷೆಯನ್ನೂ ಮಾಡಿದ್ದೆವು.

ಒಂದು ಬೆಳಿಗ್ಗೆ ನಾನು ಶಿಡ್ಲಘಟ್ಟದ ನಮ್ಮ ಕೇಂದ್ರದಲ್ಲಿದ್ದಾಗ, ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ಮುಖ್ಯ ಫೈಬರನ್ನು ಕತ್ತರಿಸಿ ಹಾಕಿತು. ತಾಲ್ಲೂಕಿನ ಟ್ರಾಫಿಕ್ಕೆಲ್ಲ ಬ್ಯಾಕಪ್‌ಗೆ ಹೊರಳಿತು. ಭೇಷ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸ್ವಲ್ಪ ಹೊತ್ತಿಗೆಲ್ಲ ಜಂಗಮಕೋಟೆಯ ರೂಟರ್ ಸತ್ತಿತು. ತಾನೇ ಎದ್ದಿತು. ಮತ್ತೆ ಸತ್ತಿತು.

ಆಸ್ಪತ್ರೆಯ ಡಾಕ್ಟರು ಮೊಬೈಲಿಗೆ ಫೋನ್ ಮಾಡಿದರು. “ಸಾರ್, ಒಬ್ಬ ಹೆಂಗಸಿಗೆ ವಿಪರೀತ ಎದೆನೋವು. ಇಸಿಜಿ ಅರ್ಧಕ್ಕೇ ನಿಂತೋಗಿದೆ, ಫ್ಯಾಕ್ಸೂ ಇಲ್ಲ. ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬೇಕೋ ಬೇಡ್ವೋ ಬೆಂಗಳೂರಿನೋರೇ ಹೇಳ್ಬೇಕು. ಅರ್ಧ ಗಂಟೆ ನೋಡ್ತೀನಿ. ಆಮೇಲೆ ಕೊಟ್ಬಿಡ್ತೀನಿ.”

ಜೀಪು ಹತ್ತಿದೆ. ದಾರಿಯುದ್ದಕ್ಕೂ ರೂಟರ್ ಮಾಡಿದವನ ವಂಶವನ್ನೆಲ್ಲ ಬೈದೆ.

ಜಂಗಮಕೋಟೆಯಲ್ಲಿ ನಮ್ಮ ರೂಟರ್ ಇದ್ದದ್ದು ವೆಂಕಟಲಕ್ಷ್ಮಮ್ಮನವರ ರೇಷ್ಮೆ ಹುಳುಮನೆಗೆ ಅಂಟಿಕೊಂಡ ಬಾಡಿಗೆ ಕೋಣೆಯಲ್ಲಿ. ಎರಡಕ್ಕೂ ಬಾಗಿಲು ಒಂದೇ. ಆಯಮ್ಮ ಅಲ್ಲೇ ಅಡ್ಡ ನಿಂತರು.

“ನಿಲ್ಲಪ್ಪಾ! ಹುಳ ಜ್ವರಕ್ಕೆ ಕೂತವೆ. ಚಪ್ಪಲಿ ಬಿಟ್ಟು, ಪೌಡರ್ ನೀರಲ್ಲಿ ಕಾಲ್ ಅದ್ದಿ ಬಾ.”

ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಸಮಯ. ಆಗ ಹೊರಗಿನ ಸೋಂಕು ತಗುಲಿದರೆ ಬೆಳೆಯೇ ಹೋಯಿತು. ಆಗ ಅದೆಲ್ಲ ಯಾರಿಗೆ ಬೇಕಿತ್ತು?

“ಅಲ್ಲೊಂದು ಜೀವ ಹೋಗ್ತಾ ಇದೆ ಕಣಮ್ಮಾ!” ಎಂದು ಕೂಗಾಡಿದೆ.

“ಇಲ್ಲೂ ಜೀವಾನೇ ಕಣಪ್ಪಾ. ನೀನು ಕಿರುಚೋ ಹೊತ್ಗೆ ಕಾಲ್ ಅದ್ದಿ ಒಳಗೋಗಿರಬೋದಿತ್ತು.”

ಅದ್ದಿದೆ. ಒಳಗೆ ಹೋದರೆ ರೂಟರ್ ಕೋಣೆಯ ನೆಲವೆಲ್ಲ ಬೆಳ್ಳಗೆ. ಪೆಟ್ಟಿಗೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಫ್ಯಾನಿನ ಫಿಲ್ಟರ್ ಎಳೆದು ನೋಡಿದೆ: ಗಾಳಿಗೆ ಒಂದು ಸೂಜಿಮೊನೆಯಷ್ಟೂ ಜಾಗವಿಲ್ಲದಂತೆ ಸುಣ್ಣ ಮೆತ್ತಿತ್ತು!

“ಏನಮ್ಮಾ ಇದು?”

“ಸುಣ್ಣಕ್ಕೆ ಬ್ಲೀಚಿಂಗ್ ಪೌಡರ್ ಕಲ್ಸಿ ಚೆಲ್ಲಿದೀನಪ್ಪಾ. ಒಂದೇ ಸೂರು. ನಿಮ್ ಪೆಟ್ಟಿಗೇಗೂ ರೋಗ ಬರಬಾರ್ದಲ್ಲಾ?”

ಕೆಲಸ ಕಡಿಮೆ ಇದ್ದಾಗ ರೂಟರ್ ಹೇಗೋ ಉಸಿರು ಹಿಡಿದಿತ್ತು; ತಾಲ್ಲೂಕಿನ ಭಾರವೆಲ್ಲ ಬಿದ್ದಾಗ ಕಾದು ಕಾದು ನಿಲ್ಲುತ್ತಿತ್ತು. ಫಿಲ್ಟರ್ ಕಿತ್ತು ಹೊರಗಿಟ್ಟೆ. ರೂಟರ್ ತಣ್ಣಗಾಗಿ ಎದ್ದಿತು. ಟನಲ್ ಬಂತು. ಈ ಸಲ ಬಂದದ್ದು ಹೋಗಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. “ಕಳಿಸ್ತಾ ಇದೀನಿ, ಇರಿ” ಎಂದು ಇಟ್ಟುಬಿಟ್ಟರು. ಅರ್ಧ ಗಂಟೆ ಆಗಲೇ ಮೀರಿತ್ತು. ಇಂಜೆಕ್ಷನ್ ಕೊಟ್ಟಿದ್ದರೋ ಇಲ್ಲವೋ ಕೇಳಲೂ ಧೈರ್ಯ ಬಂದಿರಲಿಲ್ಲ. ಕೊನೆಗೆ ಅವರೇ ಫೋನ್ ಮಾಡಿದರು.

“ಹೆಪ್ಪಲ್ಲ ಸಾರ್. ಹೃದಯದ ಸುತ್ತಿನ ಪೊರೆ ಊದಿದೆಯಂತೆ. ಸಿರಿಂಜು ಕೈಯಲ್ಲೇ ಇತ್ತು. ಕೊಟ್ಟಿದ್ರೆ ಒಳಗೇ ರಕ್ತ ಒಸರಿ ಆಯಮ್ಮ ಹೋಗ್ಬಿಡೋರು.”

ಸುಣ್ಣದ ನೆಲದ ಮೇಲೇ ಕೂತು ಅತ್ತುಬಿಟ್ಟೆ. ವೆಂಕಟಲಕ್ಷ್ಮಮ್ಮ ಒಂದು ಚೊಂಬು ನೀರು ತಂದುಕೊಟ್ಟರು.

ಆಮೇಲೆ ಪ್ರತಿ ಬೆಳೆಗೂ ಅವರ ಫೋನ್ ಬರುತ್ತಿತ್ತು: “ನಾಳೆ ಸುಣ್ಣ ಹಾಕ್ತೀವಿ, ಬಾರಪ್ಪಾ.” ಹೋಗುತ್ತಿದ್ದೆ. ಹೇಳಿಸಿಕೊಳ್ಳದೆ ಕಾಲು ಅದ್ದಿ, ರೂಟರಿಗೆ ಬಟ್ಟೆಯ ಪರದೆ ಕಟ್ಟುತ್ತಿದ್ದೆ. ಸುಣ್ಣದ ಕೆಲಸ ಮುಗಿದ ಮೇಲೆ ಪರದೆ ಬಿಚ್ಚಿ, ಫಿಲ್ಟರ್ ತೊಳೆದು, ತಾಲ್ಲೂಕಿನ ಪೂರ್ತಿ ಭಾರವನ್ನು ಬೇಕೆಂದೇ ಬ್ಯಾಕಪ್‌ನ ಮೇಲೆ ಹೊರಿಸಿ ನೋಡುತ್ತಿದ್ದೆ. ಕಷ್ಟಕ್ಕೆ ಆಗಬೇಕಾದವರನ್ನು ಸುಖದಲ್ಲಿದ್ದಾಗಲೇ ಹೋಗಿ ಮಾತಾಡಿಸಬೇಕು ಎನ್ನುತ್ತಾರೆ. ಬ್ಯಾಕಪ್ ದಾರಿಯೂ ಅಷ್ಟೇ.